ಸಿನಿಮಾದಾಚೆಯ ಹೊಸ ಕನ್ನಡ ಹಾಡುಗಳನ್ನು ಹುಡುಕಿಕೊಳ್ಳುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ: "ಚಿತ್ರಗೀತೆಗಳನ್ನು ಬಿಟ್ಟರೆ ಕನ್ನಡದಲ್ಲಿ ಹೊಸದಾಗಿ ಏನು ಬರುತ್ತಿದೆ, ಅದು ಎಲ್ಲಿ ಸಿಗುತ್ತದೆ?" ಕೇಳುವವರಲ್ಲಿ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಯಾವ ಕಾರ್ಯಕ್ರಮವೂ ಬಾರದ ಸಣ್ಣ ಊರುಗಳಲ್ಲಿರುವವರಿದ್ದಾರೆ, ಹೊರದೇಶದಲ್ಲಿ ನೆಲೆಸಿ ಮಕ್ಕಳಿಗೆ ಕನ್ನಡ ಕೇಳಿಸಬೇಕೆಂದಿರುವ ತಂದೆತಾಯಿಯರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಆ್ಯಪ್ ತೆರೆದು 'ಕನ್ನಡ ಇಂಡೀ' ಎಂದು ಬರೆದು ಹುಡುಕಿ, ಹಳೆಯ ಚಿತ್ರಗೀತೆಗಳನ್ನು ನಿಧಾನಗೊಳಿಸಿ ಮಳೆಯ ಸದ್ದು ಸೇರಿಸಿದ ಪಟ್ಟಿಗಳನ್ನು ಕಂಡು ಕೈಬಿಟ್ಟವರು. ಹುಡುಕುವ ದಾರಿ ಬೇರೆಯೇ ಇದೆ. ಕನ್ನಡದ ಸ್ವತಂತ್ರ ಸಂಗೀತದ ಬಳಗ ಚಿಕ್ಕದು; ಒಬ್ಬನೇ ಡ್ರಮ್ಮರ್ ಹಲವು ತಂಡಗಳಿಗೆ ನುಡಿಸುತ್ತಾನೆ, ಒಬ್ಬಳೇ ಚಿತ್ರಕಾರ್ತಿ ಹಲವು ಆಲ್ಬಂಗಳಿಗೆ ಮುಖಚಿತ್ರ ಬರೆಯುತ್ತಾಳೆ. ಆದ್ದರಿಂದ ಹಾಡಿನ ಬಗೆಯನ್ನು ಹುಡುಕುವುದಕ್ಕಿಂತ ಹಾಡಿನ ಹಿಂದಿರುವ ಜನರ ಹೆಸರು ಹಿಡಿದು ಹೋಗುವುದು ಲೇಸು. ಈ ಲೇಖನದ ಹಂತಗಳೆಲ್ಲ ಆ ಒಂದು ಸೂತ್ರದ ಸುತ್ತಲೇ ಇವೆ.

ಆರಂಭಕ್ಕೆ ಮುನ್ನ

ಬೇಕಾದುದು ಹೆಚ್ಚಿಲ್ಲ. ಯಾವುದಾದರೂ ಒಂದು ಸ್ಟ್ರೀಮಿಂಗ್ ಆ್ಯಪ್ (ಹಾಡನ್ನು ಇಳಿಸಿಕೊಳ್ಳದೆ ಅಂತರಜಾಲದಿಂದ ನೇರವಾಗಿ ಕೇಳಿಸುವ ಸೇವೆ), ಯೂಟ್ಯೂಬ್, ಹೆಸರುಗಳನ್ನು ಬರೆದಿಡಲು ಒಂದು ಪುಸ್ತಕ ಅಥವಾ ಫೋನಿನ ಟಿಪ್ಪಣಿ ಪುಟ, ಮತ್ತು ವಾರಕ್ಕೊಮ್ಮೆ ಬೇರೆ ಕೆಲಸ ಮಾಡದೆ ಕೇಳಲು ಸ್ವಲ್ಪ ಸಮಯ. ಮೊದಲ ನಾಲ್ಕು ಹಂತಗಳಿಗೆ ಹಣ ಕೊಟ್ಟು ಚಂದಾದಾರರಾಗುವ ಅಗತ್ಯವಿಲ್ಲ.

'ಇಂಡೀ' ಎಂದರೆ ಚಲನಚಿತ್ರದ ಆಸರೆಯಾಗಲಿ ದೊಡ್ಡ ಧ್ವನಿಮುದ್ರಣ ಕಂಪನಿಯ ಬಂಡವಾಳವಾಗಲಿ ಇಲ್ಲದೆ ಕಲಾವಿದರು ತಾವೇ ರೂಪಿಸಿ ಹೊರತರುವ ಸಂಗೀತ. ಕನ್ನಡದಲ್ಲಿ ಸಿನಿಮಾದಾಚೆಯ ಹಾಡು ಹೊಸ ಹುಡುಗರು ತಂದ ಹೊಸ ಪದ್ಧತಿಯೇನಲ್ಲ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿಯೇ ಮನೆಮನೆಗೆ ತಲುಪಿತ್ತು. ಸುಗಮ ಸಂಗೀತವೆಂಬ ಆ ಇಡೀ ಪರಂಪರೆ ಸಿನಿಮಾದ ಹೊರಗೇ ಬೆಳೆದದ್ದು. ಗಿಟಾರ್, ಡ್ರಮ್ಸ್ ಹಿಡಿದ ತಂಡಗಳ ಕಾಲದಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ 2008ರಲ್ಲೂ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರಲ್ಲೂ ಬಂದವು. ನಿಮಗೆ ಆರಂಭಕ್ಕೊಂದು ಎಳೆ ಬೇಕಿದ್ದರೆ ಈ ಎರಡರಲ್ಲಿ ಒಂದನ್ನು ಹಿಡಿಯಿರಿ. ಮುಂದಿನ ಹಂತಗಳಲ್ಲಿ ಅದೇ ಎಳೆಯನ್ನು ಎಳೆದು ತೋರಿಸುತ್ತೇನೆ.

ಹಂತ 1: ಆ್ಯಪ್‌ಗೆ ನಿಮ್ಮ ಬಗ್ಗೆ ಇರುವ ತಪ್ಪು ಕಲ್ಪನೆಯನ್ನು ತಿದ್ದಿ

ಸ್ಟ್ರೀಮಿಂಗ್ ಆ್ಯಪ್‌ಗಳು ನೀವು ಕೇಳಿದ್ದನ್ನೆಲ್ಲ ಲೆಕ್ಕ ಇಟ್ಟು, ಅದೇ ಜಾತಿಯದನ್ನು ಮತ್ತೆ ಮುಂದಿಡುತ್ತವೆ. ಈ ಲೆಕ್ಕಾಚಾರದ ಕ್ರಮಕ್ಕೆ ಅಲ್ಗಾರಿದಂ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಸುಪ್ರಭಾತ, ಮಧ್ಯಾಹ್ನ ಮಗುವಿಗೆ ಶಿಶುಗೀತೆ, ಸಂಜೆ ಅಡುಗೆಮನೆಯಲ್ಲಿ ಹಳೆಯ ಚಿತ್ರಗೀತೆ, ಎಲ್ಲವೂ ಒಂದೇ ಫೋನಿನಿಂದ ನಡೆಯುತ್ತವೆ. ಆ್ಯಪ್ ಬಡಪಾಯಿಗೆ ಇವೆಲ್ಲ ಒಬ್ಬನೇ ಮನುಷ್ಯನ ಅಭಿರುಚಿ ಎಂದು ಕಾಣುತ್ತದೆ.

ಸ್ಪಾಟಿಫೈನಲ್ಲಿ ಮನೆಯವರಿಗಾಗಿ ಹಾಡು ಹಾಕುವಾಗ 'ಪ್ರೈವೇಟ್ ಸೆಷನ್' ಎಂಬ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಿ. ಭಕ್ತಿಗೀತೆ, ಶಿಶುಗೀತೆಗಳ ಪ್ಲೇಲಿಸ್ಟ್‌ಗಳನ್ನು (ಸಾಲಾಗಿ ಜೋಡಿಸಿಟ್ಟ ಹಾಡುಪಟ್ಟಿಗಳನ್ನು) ನಿಮ್ಮ 'ಟೇಸ್ಟ್ ಪ್ರೊಫೈಲ್'ನಿಂದ ಹೊರಗಿಡುವ ಆಯ್ಕೆಯೂ ಆ ಪಟ್ಟಿಯ ಮೂರು ಚುಕ್ಕಿಗಳ ಮೆನುವಿನಲ್ಲಿ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಇದಾದ ಮೇಲೆ ನಿಮಗೆ ನಿಜಕ್ಕೂ ಇಷ್ಟವಾದ ಐದಾರು ಸ್ವತಂತ್ರ ಕಲಾವಿದರನ್ನು ಹುಡುಕಿ 'ಫಾಲೋ' ಒತ್ತಿ. ಸ್ಪಾಟಿಫೈ ಪ್ರತಿ ಶುಕ್ರವಾರ ಕೊಡುವ 'ರಿಲೀಸ್ ರಾಡಾರ್' ಪಟ್ಟಿ ಹೀಗೆ ಫಾಲೋ ಮಾಡಿದವರ ಹೊಸ ಹಾಡುಗಳಿಂದಲೇ ಬಹುಮಟ್ಟಿಗೆ ತುಂಬುತ್ತದೆ. ಸೋಮವಾರದ 'ಡಿಸ್ಕವರ್ ವೀಕ್ಲಿ' ಅಪರಿಚಿತ ಹಾಡುಗಳನ್ನು ತರುತ್ತದೆ. ಶುಕ್ರವಾರದ ಪಟ್ಟಿ ನಂಬಿಕೆಗೆ ಹೆಚ್ಚು ಅರ್ಹ. ಸೋಮವಾರದ್ದರಲ್ಲಿ ಒಂದೆರಡು ಹಾಡು ಹಿಡಿಸಿದರೂ ಸಾಕು ಎಂದುಕೊಂಡು ಕೇಳಿ.

ಹಂತ 2: ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ನೋಡಿ

ಕನ್ನಡದ ಹಾಡು ಸಿಗದಿರಲು ಅತಿ ದೊಡ್ಡ ಕಾರಣ ಕಾಗುಣಿತ. ಹಾಡನ್ನು ಆ್ಯಪ್‌ಗೆ ಏರಿಸುವವರು ಹೆಸರನ್ನು ಕೆಲವೊಮ್ಮೆ ಕನ್ನಡ ಲಿಪಿಯಲ್ಲಿ, ಹೆಚ್ಚಿನ ಸಲ ರೋಮನ್ ಲಿಪಿಯಲ್ಲಿ ಕೊಡುತ್ತಾರೆ, ಮತ್ತು ರೋಮನ್ ಲಿಪಿಯಲ್ಲಿ ಕನ್ನಡ ಬರೆಯಲು ಎಲ್ಲರೂ ಪಾಲಿಸುವ ಒಂದು ನಿಯಮವಿಲ್ಲ. 'ಶಿಶುನಾಳ' ಎಂಬುದರ ಕೊನೆಗೆ 'ಎ' ಅಕ್ಷರ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. 'ಶರೀಫ' ಎಂಬಲ್ಲಿ ಎರಡು 'ಇ' ಹಾಕುವವರಿದ್ದಾರೆ, ಒಂದು 'ಐ' ಹಾಕುವವರಿದ್ದಾರೆ. 'ಶ'ಕಾರಕ್ಕೆ ಬರಿಯ 'ಎಸ್' ಸಾಕೆನ್ನುವವರೂ ಉಂಟು. ಒಂದೊಂದು ಬಗೆಯಲ್ಲಿ ಹುಡುಕಿದಾಗ ಸಿಗುವ ಫಲಿತಾಂಶಗಳು ಬೇರೆ ಬೇರೆಯಾಗಿರುತ್ತವೆ. ಮೊದಲು ಕನ್ನಡ ಲಿಪಿ, ಆಮೇಲೆ ದೀರ್ಘಾಕ್ಷರವನ್ನು ಎರಡು ಸ್ವರದಿಂದ ಬರೆದ ರೂಪ, ಆಮೇಲೆ ಒಂದೇ ಸ್ವರದ ರೂಪ, ಕೊನೆಗೆ ಕೊನೆಯ ಅಕಾರ ಬಿಟ್ಟ ರೂಪ, ಈ ಕ್ರಮ ಪಾಲಿಸಿ.

'ಕನ್ನಡ' ಎಂಬ ಪದವನ್ನು ಮಾತ್ರ ಹುಡುಕುಪದವಾಗಿ ಬಳಸಬೇಡಿ. ಅದರ ಬದಲಿಗೆ ಪ್ರಕಾರದ ಹೆಸರು ಸೇರಿಸಿ: ತತ್ವಪದ, ವಚನ, ಜಾನಪದ, ರ‍್ಯಾಪ್, ರಾಕ್. ಊರಿನ ಹೆಸರೂ ಉಪಯುಕ್ತ. ತುಳು, ಕೊಂಕಣಿ, ಕೊಡವ ತಕ್ಕ್, ಬ್ಯಾರಿ ಭಾಷೆಗಳಲ್ಲಿಯೂ ಹಾಡುಗಳು ಬರುತ್ತಿವೆ. ಕರ್ನಾಟಕದ ಸಂಗೀತ ಹುಡುಕುವವರು ಇವನ್ನು ಬಿಟ್ಟರೆ ಒಳ್ಳೆಯ ಪಾಲನ್ನೇ ಬಿಟ್ಟ ಹಾಗೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಕವರ್ ಹಾಡುಗಳು, ಅಂದರೆ ಬೇರೆಯವರ ಹಾಡನ್ನು ಮತ್ತೊಬ್ಬರು ಹಾಡಿದ ಆವೃತ್ತಿಗಳು. ಯುವ ಗಾಯಕರ ಪುಟಗಳಲ್ಲಿ ಕೇಳುಗರ ಸಂಖ್ಯೆ ಹೆಚ್ಚಿರುವುದು ಸಾಮಾನ್ಯವಾಗಿ ಕವರ್‌ಗಳಿಗೇ. ಅವರ ಸ್ವಂತ ರಚನೆಗಳು ಕೆಳಗೆ ಹುದುಗಿರುತ್ತವೆ, ಪುಟದ ತಳದವರೆಗೆ ಇಳಿದು ನೋಡಿ. ಎರಡನೆಯದು, 'ಬೆಂಗಳೂರಿನ ಇಂಡೀ' ಎಂದರೆ 'ಕನ್ನಡದ ಇಂಡೀ' ಎಂದು ಭಾವಿಸುವುದು. 1996ರಿಂದ ಇರುವ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, 1998ರ ಹೆವಿ ಮೆಟಲ್ ತಂಡ ಕ್ರಿಪ್ಟೋಸ್, 2024ರಲ್ಲಿ ಲೋಕದಾದ್ಯಂತ ಹೆಸರಾದ ರ‍್ಯಾಪರ್ ಹನುಮಾನ್‌ಕೈಂಡ್ ಇವರೆಲ್ಲ ಬೆಂಗಳೂರಿನ ಬಳಗದವರೇ, ಆದರೆ ಹಾಡುವುದು ಇಂಗ್ಲಿಷಿನಲ್ಲಿ. ಅವರನ್ನು ಕೇಳಬೇಡಿ ಎನ್ನುತ್ತಿಲ್ಲ; ಕನ್ನಡವನ್ನೇ ಹುಡುಕಿ ಹೊರಟವರು ಅಲ್ಲಿ ನಿರಾಶರಾಗಿ ಹಿಂದಿರುಗಬಾರದು, ಅಷ್ಟೆ. ಮೂರನೆಯದು ಇತ್ತೀಚಿನ ಕಾಟ: ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಕ್ಷಣದಲ್ಲಿ ತಯಾರಾದ ಹಾಡುಗಳು. ಕಲಾವಿದರ ಹೆಸರಿನಲ್ಲಿ ವಾರವಾರವೂ ಹಾಡು ಬರುತ್ತಿದ್ದು, ವೇದಿಕೆಯ ಮೇಲೆ ಹಾಡಿದ ಒಂದು ವಿಡಿಯೊ ಕೂಡ ಇಲ್ಲದೆ, ವಾದ್ಯ ನುಡಿಸಿದವರ ಹೆಸರು ಎಲ್ಲಿಯೂ ಕಾಣದಿದ್ದರೆ ಸಂಶಯಪಡುವುದು ಸರಿ. ಅಂಥ ಹಾಡುಗಳಲ್ಲಿ ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳೂ 'ಳ'ಕಾರವೂ ವಿಚಿತ್ರವಾಗಿ ಕೇಳಿಸುವುದುಂಟು.

ಹಂತ 3: ಹೆಸರುಪಟ್ಟಿ ಓದಿ

ಇಡೀ ವಿಧಾನದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಪ್ರತಿ ಹಾಡಿಗೂ 'ಕ್ರೆಡಿಟ್ಸ್' ಎಂಬ ಹೆಸರುಪಟ್ಟಿ ಇರುತ್ತದೆ: ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಯಾರು ಯಾವ ವಾದ್ಯ ನುಡಿಸಿದರು, ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮತ್ತು ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಬಿಡುಗಡೆಗೆ ಮುನ್ನ ಕೊನೆಯ ಒಪ್ಪ ಕೊಡುವ ಕೆಲಸ) ಯಾರು ಮಾಡಿದರು ಎಂಬ ವಿವರ.

ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್ ಕಾಣುತ್ತದೆ. ಯೂಟ್ಯೂಬ್‌ನಲ್ಲಿ ಇನ್ನೂ ಚೆನ್ನಾಗಿ ಸಿಗುವ ಒಂದು ಜಾಗವಿದೆ. ಕಲಾವಿದರ ಹೆಸರಿನ ಮುಂದೆ 'ಟಾಪಿಕ್' ಎಂದು ಬರೆದಿರುವ ಚಾನೆಲ್‌ಗಳನ್ನು ನೀವು ಕಂಡಿರಬಹುದು. ಇವು ಯೂಟ್ಯೂಬ್ ತಾನಾಗಿಯೇ ಹುಟ್ಟುಹಾಕುವ ಚಾನೆಲ್‌ಗಳು, ವಿಡಿಯೊ ಇರುವುದಿಲ್ಲ, ಆಲ್ಬಂ ಮುಖಚಿತ್ರ ಮಾತ್ರ ನಿಶ್ಚಲವಾಗಿ ಕಾಣುತ್ತದೆ. ಅಲ್ಲಿ ಹಾಡಿನ ಕೆಳಗಿನ ವಿವರಣೆಯನ್ನು ಬಿಡಿಸಿ ಓದಿ. ಮೊದಲ ಸಾಲಿನಲ್ಲಿ ಹಾಡನ್ನು ಯೂಟ್ಯೂಬ್‌ಗೆ ಒದಗಿಸಿದವರ ಹೆಸರು ಇರುತ್ತದೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಮುಂತಾದ ಹೆಸರು ಕಂಡರೆ ಅದು ಬಹುತೇಕ ಕಲಾವಿದರೇ ಹೊರತಂದ ಹಾಡು. ಇವು ಡಿಸ್ಟ್ರಿಬ್ಯೂಟರ್‌ಗಳು, ಅಂದರೆ ಶುಲ್ಕ ಅಥವಾ ಪಾಲು ಪಡೆದು ಯಾರ ಹಾಡನ್ನು ಬೇಕಾದರೂ ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ಸಂಸ್ಥೆಗಳು. ಅದರ ಕೆಳಗೆ ವೃತ್ತದೊಳಗಿನ 'ಪಿ' ಚಿಹ್ನೆಯ ಪಕ್ಕದಲ್ಲಿ ಒಂದು ವರ್ಷವೂ ಒಂದು ಹೆಸರೂ ಇರುತ್ತವೆ. ಆ ಹೆಸರು ಧ್ವನಿಮುದ್ರಣದ ಒಡೆತನ ಯಾರದೆಂಬುದನ್ನು ಹೇಳುತ್ತದೆ. ಅಲ್ಲಿ ಗಾಯಕರ ಅಥವಾ ತಂಡದ ಹೆಸರೇ ಇದ್ದರೆ ಹಾಡು ನಿಜಾರ್ಥದಲ್ಲಿ ಸ್ವತಂತ್ರ. ಆಡಿಯೊ ಕಂಪನಿಯ ಹೆಸರಿದ್ದರೆ ಅದು 'ಆಲ್ಬಂ ಸಾಂಗ್' ಎಂದು ಕರೆಯಲ್ಪಡುವ, ಸಿನಿಮಾಕ್ಕೆ ಸೇರದಿದ್ದರೂ ಕಂಪನಿಯ ಬಂಡವಾಳದಲ್ಲಿ ಬಂದ ಹಾಡು. ಎರಡನೆಯ ಬಗೆಯದು ಕೀಳೆಂದೇನೂ ಅಲ್ಲ, ಆದರೆ ಅದು ಹೇಗೂ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ; ನೀವು ಶ್ರಮಪಟ್ಟು ಹುಡುಕಬೇಕಾದುದು ಮೊದಲನೆಯದನ್ನು.

ಈಗ ಎಳೆಯನ್ನು ಎಳೆಯುವ ರೀತಿ. ರಘು ದೀಕ್ಷಿತ್ ಅವರಿಂದ ಆರಂಭಿಸಿದ್ದೀರಿ ಎಂದುಕೊಳ್ಳೋಣ. ಅವರ ತಮ್ಮ ವಾಸು ದೀಕ್ಷಿತ್ ಸ್ವರಾತ್ಮದ ಗಾಯಕರು. ಸ್ವರಾತ್ಮದಿಂದ ಮುಂದಕ್ಕೆ ಹೋದರೆ ವಾಸು ದೀಕ್ಷಿತ್ ಕಲೆಕ್ಟಿವ್ ಎಂಬ ಮತ್ತೊಂದು ತಂಡ ಸಿಗುತ್ತದೆ, ಅಲ್ಲಿಂದ ಅದರ ವಾದ್ಯಗಾರರು, ಆ ವಾದ್ಯಗಾರರಿಂದ ಅವರು ನುಡಿಸುವ ಬೇರೆ ತಂಡಗಳು. ಸಿನಿಮಾ ಹಾಡಿನಿಂದಲೂ ಇದೇ ಕ್ರಮದಲ್ಲಿ ಹೊರಬರಬಹುದು. 'ನಾತಿಚರಾಮಿ' ಚಿತ್ರದ ಹಾಡಿಗಾಗಿ ಬಿಂದುಮಾಲಿನಿಯವರಿಗೆ 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು. ಆ ಹಾಡು ಕೇಳಿ ಮೆಚ್ಚಿದವರು ಹೆಸರು ಹಿಡಿದು ಹುಡುಕಿದರೆ, ವೇದಾಂತ್ ಭಾರದ್ವಾಜ್ ಜೊತೆಗೂಡಿ ಅವರು ಹಾಡಿರುವ ಕಬೀರರ ಪದಗಳ ಬೇರೆಯದೇ ಲೋಕ ತೆರೆದುಕೊಳ್ಳುತ್ತದೆ. ಆ್ಯಪ್‌ನ ಯಾವ ಪಟ್ಟಿಯೂ ಈ ಎರಡನ್ನು ತಾನಾಗಿ ಜೋಡಿಸಿ ಕೊಡಲಾರದು, ಏಕೆಂದರೆ ಒಂದು ಕನ್ನಡ, ಮತ್ತೊಂದು ಹಿಂದಿ. ಒಂದು ಸಿನಿಮಾ, ಮತ್ತೊಂದು ಅಲ್ಲ.

ಸ್ಪಾಟಿಫೈನ ಕಲಾವಿದರ ಪುಟದಲ್ಲಿ ಕೆಳಗೆ 'ಫ್ಯಾನ್ಸ್ ಆಲ್ಸೋ ಲೈಕ್' ಎಂಬ ಸಾಲೂ 'ಡಿಸ್ಕವರ್ಡ್ ಆನ್' ಎಂಬ ಸಾಲೂ ಇರುತ್ತವೆ. ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯದು. ಈ ಕಲಾವಿದರನ್ನು ಜನ ಯಾವ ಪ್ಲೇಲಿಸ್ಟ್‌ಗಳಲ್ಲಿ ಕಂಡುಕೊಂಡರೆಂದು ಅದು ತೋರಿಸುತ್ತದೆ, ಮತ್ತು ಅವುಗಳಲ್ಲಿ ಯಾರೋ ಒಬ್ಬ ಶ್ರದ್ಧಾವಂತ ಕೇಳುಗ ಕೈಯಾರೆ ಜೋಡಿಸಿದ ಪಟ್ಟಿಯೊಂದು ಸಿಕ್ಕಿಬಿಟ್ಟರೆ ನಿಮ್ಮ ತಿಂಗಳ ಕೆಲಸ ಮುಗಿದಂತೆಯೇ. ಅಂಥ ಪಟ್ಟಿಯನ್ನು ಗುರುತಿಸುವುದು ಸುಲಭ: ಅದರಲ್ಲಿ ಜನಪ್ರಿಯ ಹಾಡು ಕಡಿಮೆ, ಒಂದೇ ಕಲಾವಿದರ ಹಾಡು ಪದೇ ಪದೇ ಬರುವುದಿಲ್ಲ.

ಬ್ಯಾಂಡ್‌ಕ್ಯಾಂಪ್ ಎಂಬ ತಾಣವನ್ನೂ ನೋಡಿ. ಇದು ಕಲಾವಿದರಿಂದ ನೇರವಾಗಿ ಹಾಡು ಕೊಳ್ಳುವ ಜಾಗ. ಇಲ್ಲಿ ಊರಿನ ಹೆಸರೂ ಭಾಷೆಯ ಹೆಸರೂ ಟ್ಯಾಗ್‌ಗಳಾಗಿರುತ್ತವೆ (ಟ್ಯಾಗ್ ಎಂದರೆ ಹುಡುಕಲು ಅನುಕೂಲವಾಗುವಂತೆ ಅಂಟಿಸಿದ ಚೀಟಿ). ಬೆಂಗಳೂರಿನ ಹಳೆಯ ಮತ್ತು ಹೊಸ ಎರಡೂ ಇಂಗ್ಲಿಷ್ ಕಾಗುಣಿತಗಳಲ್ಲಿ, ಮೈಸೂರಿನ ಎರಡೂ ಕಾಗುಣಿತಗಳಲ್ಲಿ ಹುಡುಕಿ. ಮೆಟಲ್, ಎಲೆಕ್ಟ್ರಾನಿಕ್, ಪ್ರಾಯೋಗಿಕ ಸಂಗೀತ ಇಷ್ಟವಿರುವವರಿಗೆ ಇಲ್ಲಿ ಹೆಚ್ಚು ಸಿಗುತ್ತದೆ. ಭಾವಗೀತೆಯ ಛಾಯೆಯ ಹಾಡುಗಳು ಕಡಿಮೆ.

ಹಂತ 4: ಸಾಹಿತ್ಯ ಯಾರದೆಂದು ನೋಡಿ

ಯುವ ತಂಡಗಳ ಕನ್ನಡ ಹಾಡುಗಳಲ್ಲಿ ಗಣನೀಯ ಪಾಲು ಶಿಶುನಾಳ ಶರೀಫರದು, ದಾಸರದು, ವಚನಕಾರರದು. ಕೆಲವರು ಇದನ್ನು ಬೇರಿನ ಹುಡುಕಾಟ ಎನ್ನುತ್ತಾರೆ. ಅದು ಇರಬಹುದು, ಆದರೆ ತೀರ ವ್ಯಾವಹಾರಿಕವಾದ ಒಂದು ಅನುಕೂಲವೂ ಇದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಶರೀಫರು 1889ರಲ್ಲಿ ತೀರಿಕೊಂಡರು, ಅವರ ಪದಗಳನ್ನು ಹಾಡಲು ಯಾರ ಅನುಮತಿಯೂ ಬೇಡ. ದ. ರಾ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳು 2041ರ ಕೊನೆಯವರೆಗೆ ಸ್ವಾಮ್ಯಕ್ಕೆ ಒಳಪಟ್ಟಿವೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರವರೆಗೆ. ಕೈಯಲ್ಲಿ ಹಣವಿಲ್ಲದ ತಂಡವೊಂದು ಅನುಮತಿ ಪತ್ರಗಳ ಹಿಂದೆ ಓಡಾಡುವುದಕ್ಕಿಂತ ಶರೀಫರ ಬಾಗಿಲಿಗೆ ಹೋಗುವುದು ಸಹಜ.

ಕೇಳುಗರಾಗಿ ನೀವು ಮಾಡಬೇಕಾದುದು ಇಷ್ಟು: ತಂಡವೊಂದು ಇಷ್ಟವಾದಾಗ ಅದರ ಸ್ವಂತ ಸಾಹಿತ್ಯದ ಒಂದು ಹಾಡನ್ನಾದರೂ ಹುಡುಕಿ ಕೇಳಿ. ಹಳೆಯ ಪದಕ್ಕೆ ಹೊಸ ವಾದ್ಯ ಕೂಡಿಸುವುದರಲ್ಲಿ ಜಾಣ್ಮೆ ತೋರುವ ಹಲವರು ಸ್ವಂತ ಸಾಲು ಬರೆಯುವಾಗ ಚಿತ್ರಗೀತೆಯ ಸವೆದ ಮಾತುಗಳಿಗೇ ಮರಳುತ್ತಾರೆ. ಇದಕ್ಕೆ ವಿರುದ್ಧವಾಗಿ ರ‍್ಯಾಪ್ ಹಾಡುವವರು, ಪ್ರಾಸಕ್ಕಾಗಿ ಊರಿನ ಆಡುಮಾತನ್ನೆಲ್ಲ ಜಾಲಾಡಲೇಬೇಕಾದುದರಿಂದ, ಭಾಷೆಯಲ್ಲಿ ಹೆಚ್ಚು ಧೈರ್ಯಸ್ಥರು ಎಂಬುದು ನನ್ನ ಅಭಿಪ್ರಾಯ. ಕನ್ನಡ ರ‍್ಯಾಪ್ ಎಂದರೆ ಕುಡಿತದ, ಪಾರ್ಟಿಯ ಹಾಡು ಎಂದಷ್ಟೇ ತಿಳಿದವರು ಆ ಅಭಿಪ್ರಾಯವನ್ನು ಬದಿಗಿಟ್ಟು ಧಾರವಾಡ, ಮಂಡ್ಯ, ಕಲಬುರಗಿ ಕಡೆಯ ಉಚ್ಚಾರಣೆಯಲ್ಲಿ ಬರುತ್ತಿರುವುದನ್ನು ಕೇಳಿ ನೋಡಬೇಕು.

ಹಂತ 5: ಹಾಡುವ ಜಾಗಕ್ಕೆ ಹೋಗಿ

ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗದ ಒಂದು ವರ್ಗವಿದೆ: ಇನ್ನೂ ಒಂದು ಹಾಡನ್ನೂ ಮುದ್ರಿಸದ ಕಲಾವಿದರು. ಅವರು ಸಿಗುವುದು ಗಿಗ್‌ಗಳಲ್ಲಿ (ಸಣ್ಣ ಪ್ರಮಾಣದ ಸಂಗೀತ ಪ್ರದರ್ಶನಗಳಲ್ಲಿ), ಓಪನ್ ಮೈಕ್‌ಗಳಲ್ಲಿ (ಹೆಸರು ಬರೆಸಿದ ಯಾರು ಬೇಕಾದರೂ ಕೆಲವು ನಿಮಿಷ ಹಾಡಬಹುದಾದ ಕೂಟಗಳಲ್ಲಿ) ಮತ್ತು ಸೈಫರ್‌ಗಳಲ್ಲಿ (ರ‍್ಯಾಪರ್‌ಗಳು ವೃತ್ತವಾಗಿ ನಿಂತು ಒಬ್ಬರಾದ ಮೇಲೊಬ್ಬರು ಸಾಲು ಕಟ್ಟುವ ಕೂಟಗಳಲ್ಲಿ).

ಬೆಂಗಳೂರಿನಲ್ಲಿ ಆರಂಭಕ್ಕೆ ಮದ್ಯ ಬಡಿಸದ ಜಾಗಗಳನ್ನೇ ಆರಿಸಿಕೊಳ್ಳಿ. ಅಲ್ಲಿ ಜನ ಮಾತು ನಿಲ್ಲಿಸಿ ಕೇಳುತ್ತಾರೆ, ವಯಸ್ಸಿನ ತೊಡಕೂ ಇರುವುದಿಲ್ಲ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಪ್ರವೇಶ ಶುಲ್ಕವಿಲ್ಲದ ಕಾರ್ಯಕ್ರಮಗಳು ಹಲವು ನಡೆಯುತ್ತವೆ, ಮೊದಲೇ ಹೆಸರು ನೋಂದಾಯಿಸಿದರೆ ಸಾಕು. ಹಲವು ಕಾರ್ಯಕ್ರಮಗಳ ಮುದ್ರಣ ಆಮೇಲೆ ಯೂಟ್ಯೂಬ್‌ನಲ್ಲೂ ಸಿಗುವುದರಿಂದ ಹೊರ ಊರಿನವರಿಗೂ ಉಪಯೋಗ. ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗೀತ ಸಂಗ್ರಹಾಲಯದಲ್ಲೂ ಪ್ರದರ್ಶನಗಳಿರುತ್ತವೆ. ಜೂನ್ 21ರ ವಿಶ್ವ ಸಂಗೀತ ದಿನದ ಆಸುಪಾಸು, ಆಗಸ್ಟ್ 15ರ ಸುತ್ತ 1996ರಿಂದ ನಡೆದುಬಂದ ಫ್ರೀಡಂ ಜ್ಯಾಮ್, ಇವೆರಡೂ ಒಂದೇ ದಿನ ಹಲವು ತಂಡಗಳನ್ನು ಕೇಳಲು ಅವಕಾಶ ಕೊಡುವ ಸಂದರ್ಭಗಳು. 2016ರಲ್ಲಿ ಆರಂಭವಾದ ಎಕೋಸ್ ಆಫ್ ಅರ್ತ್‌ನಂಥ ದೊಡ್ಡ ಉತ್ಸವಗಳ ಟಿಕೆಟ್ ದುಬಾರಿ, ಮೊದಲ ಅನುಭವಕ್ಕೆ ಅದು ಬೇಕಿಲ್ಲ. ಆದರೆ ಅವುಗಳ ಕಲಾವಿದರ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ, ತಳದಲ್ಲಿ ಇರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ದುಡ್ಡಿಲ್ಲದೆ ಸಿಗುವ ಅತ್ಯುತ್ತಮ ಶಿಫಾರಸು ಅದು.

ಮಂಗಳೂರಿನವರಿಗೆ ಒಂದು ಭಾಗ್ಯವಿದೆ. ಮಾಂಡ್ ಸೊಭಾಣ್ ಸಂಸ್ಥೆ ಶಕ್ತಿನಗರದ ಕಲಾಂಗಣದಲ್ಲಿ 2002ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕೊಂಕಣಿ ಸಂಗೀತ, ನಾಟಕ, ನೃತ್ಯಗಳ ವೇದಿಕೆ ನಡೆಸಿಕೊಂಡು ಬಂದಿದೆ. ಮೈಸೂರಿನಲ್ಲಿ ದಸರಾಕ್ಕೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮದಲ್ಲಿ ರಾಜ್ಯದ ಕಾಲೇಜು ತಂಡಗಳು ಬರುತ್ತವೆ. ಅದರ ನಂತರದ ಯುವ ದಸರಾ ಬಹುಮಟ್ಟಿಗೆ ಸಿನಿಮಾ ತಾರೆಯರದ್ದೇ ಆದುದರಿಂದ ನಮ್ಮ ಉದ್ದೇಶಕ್ಕೆ ಅಷ್ಟಾಗಿ ಒದಗುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಿ ಹೇಳುವುದು ರಂಗಭೂಮಿಯನ್ನು. ಕನ್ನಡದಲ್ಲಿ ಸಿನಿಮಾದ ಹೊರಗೆ ಹೊಸ ರಾಗ ಕಟ್ಟುವ ಕೆಲಸ ಬಿಡುವಿಲ್ಲದೆ ನಡೆಯುತ್ತಿರುವುದು ನಾಟಕದಲ್ಲಿ. ಬೆಂಗಳೂರಿನ ರಂಗಶಂಕರ, ಮೈಸೂರಿನ ರಂಗಾಯಣ, ಊರೂರು ಸುತ್ತುವ ನೀನಾಸಂ ತಿರುಗಾಟ, ಇಲ್ಲೆಲ್ಲ ನಾಟಕ ನೋಡಿದಾಗ ಕರಪತ್ರದಲ್ಲಿ ಸಂಗೀತ ಯಾರದೆಂದು ನೋಡಿ ಹೆಸರು ಬರೆದುಕೊಳ್ಳಿ. ಗಿಗ್‌ಗಳೇ ನಡೆಯದ ಊರುಗಳಿಗೂ ತಿರುಗಾಟ ಬರುತ್ತದೆ ಎಂಬುದು ಸಣ್ಣ ಮಾತಲ್ಲ.

ಕೆಲವು ಎಚ್ಚರಿಕೆಗಳು: ಪಬ್‌ಗಳಲ್ಲಿ ನಡೆಯುವ ಪ್ರದರ್ಶನಗಳಿಗೆ 21 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಸಾಮಾನ್ಯ, ಗುರುತಿನ ಚೀಟಿ ಜೊತೆಗಿರಲಿ. 'ಕವರ್ ಚಾರ್ಜ್' ಎಂದು ಬರೆದಿದ್ದರೆ ಅದು ಪ್ರವೇಶಧನವೋ, ಊಟದ ಬಿಲ್ಲಿನಲ್ಲಿ ಕಳೆಯುವ ಮೊತ್ತವೋ ಎಂದು ಮೊದಲೇ ಕೇಳಿ. ಟಿಕೆಟ್ ಕೊಂಡ ಮೇಲೂ ಆ ದಿನ ಬೆಳಿಗ್ಗೆ ತಂಡದ ಇನ್‌ಸ್ಟಾಗ್ರಾಂ ಪುಟ ನೋಡಿ, ಸಮಯ ಬದಲಾಗಿರುವುದುಂಟು. ಮರಳುವ ಬಸ್ಸು ಅಥವಾ ಮೆಟ್ರೋದ ಕೊನೆಯ ಹೊತ್ತನ್ನು ಹೋಗುವಾಗಲೇ ತಿಳಿದುಕೊಳ್ಳಿ. ಇಡೀ ಹಾಡನ್ನು ಫೋನಿನಲ್ಲಿ ಚಿತ್ರೀಕರಿಸಿ ಹಾಕಬೇಡಿ. ಬಿಡುಗಡೆಯಾಗದ ಹಾಡಾಗಿದ್ದರೆ ಅದು ಅವರಿಗೆ ನಷ್ಟ. ಅರ್ಧ ನಿಮಿಷದ ತುಣುಕು ಹಾಕಿ ತಂಡದ ಹೆಸರು ಸೇರಿಸಿದರೆ ಉಪಕಾರ.

ಹಂತ 6: ಬಟ್ಟೆ, ಪೋಸ್ಟರ್, ಪುಸ್ತಕದ ಮುಖಪುಟಗಳ ಮೇಲೂ ಕಣ್ಣಿಡಿ

ಗಿಗ್‌ಗೆ ಹೋದವರು ಗಮನಿಸುವ ಮೊದಲ ಸಂಗತಿ ಉಡುಪು. ಪಂಚೆ, ಗೆಜ್ಜೆ ತೊಟ್ಟು ವೇದಿಕೆಗೆ ಬರುವುದನ್ನು ರಘು ದೀಕ್ಷಿತ್ ತಮ್ಮ ಗುರುತಾಗಿಸಿಕೊಂಡರು. ಈಗ ಕೇಳುಗರಲ್ಲೂ ಇಳಕಲ್ ಸೀರೆಯಿಂದ ಹೊಲಿದ ಕುರ್ತಾ, ಗುಳೇದಗುಡ್ಡ ಖಣದ ಅಂಗಿ, ಕನ್ನಡ ಅಕ್ಷರವಿರುವ ಟೀಶರ್ಟ್ ಕಾಣುತ್ತವೆ. ಇವನ್ನು ಕೊಳ್ಳಬಯಸುವವರು ಮೋಸಹೋಗುವುದು ಹೆಚ್ಚಾಗಿ ಖಣದಲ್ಲಿ. ಖಣ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದೇ ನೇಯುತ್ತ ಬಂದ ಬಟ್ಟೆಯಾದುದರಿಂದ ಸಾಂಪ್ರದಾಯಿಕವಾಗಿ ಅದರ ಪನ್ನ (ಅಗಲ) ಕಡಿಮೆ. ಅಗಲ ಪನ್ನದ, ವಿಪರೀತ ಹೊಳೆಯುವ, ಅತಿ ಅಗ್ಗದ 'ಖಣ' ಕಂಡರೆ ಅದು ಯಂತ್ರಮಗ್ಗದ ಪಾಲಿಯೆಸ್ಟರ್ ಆಗಿರುವ ಸಂಭವ ಹೆಚ್ಚು. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಬಹುದು: ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸರ್ಕಾರದ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ಇದೆಯೇ ನೋಡಿ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ, ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆ ಮಾರುವ ದೇಸಿ ಅಂಗಡಿಗಳಲ್ಲಿ ಇಂಥ ಆತಂಕವಿಲ್ಲದೆ ಕೊಳ್ಳಬಹುದು.

ಪೋಸ್ಟರ್ ಮತ್ತು ಮುಖಚಿತ್ರಗಳಲ್ಲೂ ಮೂರನೆಯ ಹಂತದ ಸೂತ್ರವೇ ಅನ್ವಯಿಸುತ್ತದೆ: ಚಿತ್ರ ಬರೆದವರ ಹೆಸರು ಹುಡುಕಿ, ಅವರು ಬೇರೆ ಯಾರಿಗೆ ಬರೆದಿದ್ದಾರೆ ನೋಡಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಇಂಥ ಯುವ ಕಲಾವಿದರನ್ನು ನೇರವಾಗಿ ಮಾತನಾಡಿಸಬಹುದು. ಮಧ್ಯಾಹ್ನದ ನೂಕುನುಗ್ಗಲಿಗೆ ಮುನ್ನ, ಬೆಳಿಗ್ಗೆಯೇ ಹೋಗಿ. ನೀವೇ ಪೋಸ್ಟರ್ ಮಾಡುವ ಹುಮ್ಮಸ್ಸಿನವರಾದರೆ ಬಲೂ ತಮ್ಮ, ಅಕಾಯ ಕನಡಕ ಎಂಬ ಕನ್ನಡ ಅಕ್ಷರವಿನ್ಯಾಸಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಹಂತ 7: ಇಷ್ಟವಾದುದನ್ನು ಕೊಳ್ಳಿ, ಉಳಿಸಿಕೊಳ್ಳಿ

ಸ್ಟ್ರೀಮಿಂಗ್‌ನಿಂದ ಸಣ್ಣ ಕಲಾವಿದರಿಗೆ ಬರುವ ಹಣ ನಗಣ್ಯ. 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳದ ಹಾಡಿಗೆ ಧ್ವನಿಮುದ್ರಣದ ಗೌರವಧನವೇ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15ರಷ್ಟು, ಟೀಶರ್ಟ್ ಮುಂತಾದ ವಸ್ತುಗಳ ಮಾರಾಟದಲ್ಲಿ ಶೇ. 10ರಷ್ಟು ಪಾಲು ಇಟ್ಟುಕೊಳ್ಳುತ್ತದೆ. 2020ರಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಶುಕ್ರವಾರ'ಗಳಂದು ಆ ಪಾಲನ್ನೂ ಬಿಡುತ್ತದೆ. ಭಾರತದಿಂದ ಕೊಳ್ಳುವವರು ತಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿ, ಮಿತಿ ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿಬಿಡಿ. ಗಿಗ್‌ನಲ್ಲಿ ಟೀಶರ್ಟ್ ಕೊಂಡರೆ ಹಣ ನೇರವಾಗಿ ತಂಡದ ಕೈಸೇರುತ್ತದೆ, ಅಲ್ಲಿಯೇ ಯುಪಿಐ ಇರುವುದರಿಂದ ತೊಡಕೂ ಇಲ್ಲ.

ಕೊಂಡ ಹಾಡನ್ನು ಇಳಿಸಿಕೊಂಡು ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿರುವ ಹಾಡು ಅಲ್ಲಿಯೇ ಇರುತ್ತದೆಂಬ ಭರವಸೆಯಿಲ್ಲ. ಕೆಲವು ಡಿಸ್ಟ್ರಿಬ್ಯೂಟರ್‌ಗಳಿಗೆ ಕಲಾವಿದರು ವರ್ಷವರ್ಷವೂ ಚಂದಾ ಕಟ್ಟಬೇಕು. ತಂಡ ಒಡೆದು, ಯಾರೂ ಚಂದಾ ಕಟ್ಟದೆ ಹೋದರೆ ಅವರ ಹಾಡುಗಳು ಎಲ್ಲ ಆ್ಯಪ್‌ಗಳಿಂದಲೂ ಇಳಿದುಹೋಗಬಹುದು. ನಿಮ್ಮ ಪ್ಲೇಲಿಸ್ಟ್‌ನಲ್ಲಿ ಹಾಡೊಂದು ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಕೇಳಿಸದಿದ್ದರೆ ಹೀಗಾಗಿರುವ ಸಾಧ್ಯತೆ ಇದೆ. ಆಗ ಮೊದಲು ತಂಡದ ಸ್ವಂತ ಯೂಟ್ಯೂಬ್ ಚಾನೆಲ್ ನೋಡಿ, ಆಮೇಲೆ ಬ್ಯಾಂಡ್‌ಕ್ಯಾಂಪ್, ಆಮೇಲೆ ಸೌಂಡ್‌ಕ್ಲೌಡ್ (ಕಲಾವಿದರು ತಾವೇ ಹಾಡು ಏರಿಸುವ ತಾಣ). ಎಲ್ಲಿಯೂ ಇಲ್ಲದಿದ್ದರೆ ನೀವು ಬರೆದಿಟ್ಟುಕೊಂಡ ಹೆಸರುಪಟ್ಟಿಯಿಂದ ತಂಡದ ಯಾರಾದರೊಬ್ಬರನ್ನು ಹುಡುಕಿ, ಹಾಡಿನ ಹೆಸರನ್ನೂ ಅದನ್ನು ಎಲ್ಲಿ ಕೇಳಿದ್ದಿರಿ ಎಂಬುದನ್ನೂ ತಿಳಿಸಿ, ಕೊಳ್ಳಲು ಸಾಧ್ಯವೇ ಎಂದು ಕೇಳಿ ಎರಡು ಸಾಲು ಬರೆಯಿರಿ.